ಕಡೂರಿಗೆ ಬಂದ ಕಡಲಹೂವು

ಪ್ರಾಣಿಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ, ಎಪ್ಪತ್ತರ ದಶಕದಲ್ಲಿ ಕಡೂರಿನ ಕಾಲೇಜಿಗೆ ಮೇಷ್ಟ್ರಾಗಿ ಬಂದವನು ನಾನು. ನನಗೆ ತಿಳಿಯದ ಜೀವಿ ಭೂಮಿಯ ಮೇಲಾಗಲಿ ನೀರಿನೊಳಗಾಗಲಿ ಇಲ್ಲವೆಂಬುದು ನನ್ನ ದೃಢ ನಂಬಿಕೆಯಾಗಿತ್ತು.

ಹೆಂಡತಿ ಗಿರಿಜಾ ಯಗಟಿಯವಳು. ಅವಳು ಕಂಡ ಅತಿ ದೊಡ್ಡ ನೀರೆಂದರೆ ಬುಕ್ಕಾಂಬುಧಿಯ ಕೆರೆ. ಮದುವೆಯಾದ ಹೊಸತರಲ್ಲಿ ಅವಳು ಕೇಳಿದ್ದು ಒಂದೇ, ಸಮುದ್ರ ತೋರಿಸಿ ಅಂತ. ಈ ರಜದಲ್ಲಿ ಎಂದೆ. ಆಮೇಲೆ ಎಷ್ಟೋ ರಜಗಳು ಬಂದು ಹೋದವು.

ಒಂದು ವರ್ಷ ವಿದ್ಯಾರ್ಥಿಗಳ ಜೊತೆ ಕರಾವಳಿಗೆ ಹೊರಟೆ. ಗಿರಿಜಾ ಕೂಡ ಸೀರೆ ಮಡಿಸಿಟ್ಟುಕೊಂಡಳು. ಅಧ್ಯಯನ ಪ್ರವಾಸಕ್ಕೆ ಸಂಸಾರ ಕಟ್ಟಿಕೊಂಡು ಹೋದರೆ ಶಿಸ್ತು ಕೆಡುತ್ತದೆ ಎಂದು ಭಾಷಣ ಬಿಗಿದೆ. ಅವಳ ಮುಖ ಸಣ್ಣದಾಯಿತು. ಸಮಾಧಾನಕ್ಕೆ, "ನೀನು ಹೋಗೋದೇನು, ಸಮುದ್ರಾನೇ ಮನೆಗೆ ತತ್ತೀನಿ ಬಿಡು" ಎಂದೆ.

ಅಲ್ಲಿ ಬಂಡೆಗಳ ಸಂದಿಯಲ್ಲಿ ಕಡಲಹೂವುಗಳು ಅರಳಿ ಕೂತಿದ್ದವು. ಹೆಸರಿಗೆ ಹೂವು, ಅಸಲಿಗೆ ಪ್ರಾಣಿ. ಎಸಳಿನಂಥ ಬೆರಳುಗಳಲ್ಲಿ ಸಣ್ಣ ಮೀನನ್ನು ಹಿಡಿದು ನುಂಗುತ್ತದೆ. ಆರಿಸುವಾಗ ಬಣ್ಣ ಗಟ್ಟಿಯಿರಬೇಕು, ಬಾಯಿ ಮುಚ್ಚಿರಬೇಕು, ಬುಡಕ್ಕೆ ಪೆಟ್ಟಾಗಬಾರದು ಎಂದು ಹುಡುಗರಿಗೆ ಪಾಠ ಹೇಳುತ್ತಲೇ ಉಳಿ ಹಾಕಿ ಒಂದನ್ನು ಎಬ್ಬಿಸಿದೆ. ಬುಡ ಹರಿಯಿತು! ಪಾಠವೇನೋ ಸರಿಯಾಗಿಯೇ ಇತ್ತು.

ಕ್ಯಾನುಗಳಲ್ಲಿ ಸಮುದ್ರದ ನೀರು ತುಂಬಿಸಿ, ಬುಡ ಹರಿದ ಆ ಹೂವನ್ನೇ ಒಂದು ಡಬ್ಬಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಘಾಟಿ ಹತ್ತಿದೆ. ತರೀಕೆರೆಯಲ್ಲಿ ಗಾಜಿನ ತೊಟ್ಟಿ ಮಾಡಿಸಿದೆ. ಗಿರಿಜಾ ಕೆನ್ನೆಗೆ ಕೈಕೊಟ್ಟು ಅದರ ಮುಂದೆ ಕೂತಳು. ಹೂವು ಮುದುಡಿಕೊಂಡೇ ಇತ್ತು.

ಊಟದ ಸಮಸ್ಯೆ ಎದ್ದಿತು. ನಮ್ಮದು ಮಠಕ್ಕೆ ನಡೆದುಕೊಳ್ಳುವ ಮನೆತನ, ಮೊಟ್ಟೆಯ ಹೆಸರನ್ನೂ ಎತ್ತುವಂತಿಲ್ಲ. ಅನ್ನದ ಅಗುಳು ಕೊಟ್ಟೆ, ಉಗುಳಿತು. ಬಾಳೆಹಣ್ಣು ಕೊಟ್ಟೆ, ಅದನ್ನೂ ಉಗುಳಿತು. ಕೊನೆಗೆ ತಲೆ ತಗ್ಗಿಸಿಕೊಂಡು ಗಿರಿಜಾಳಿಗೆ ಮೀನಿನ ವಿಷಯ ಹೇಳಿದೆ. ಮನೆ ಬಿಟ್ಟು ಓಡಿಸುತ್ತಾಳೆ ಎಂದುಕೊಂಡಿದ್ದೆ.

ಅವಳು ತೊಟ್ಟಿಯೊಳಗೆ ಬಗ್ಗಿ ನೋಡಿ, "ಹಸ್ದಿರೋ ಜೀವಕ್ಕೆ ಎಂಥ ಮೈಲಿಗೆ? ತನ್ನಿ. ಹಿತ್ತಲಲ್ಲಿಟ್ಟು ನಾನೇ ಕೊಡ್ತೀನಿ" ಎಂದಳು.

ತೊಟ್ಟಿ ಹಿತ್ತಲಿಗೆ ಹೋಯಿತು. ಜನ್ಮದಲ್ಲಿ ಮೀನು ಮುಟ್ಟದವಳು ಮುಖ ಆಚೆ ತಿರುಗಿಸಿಕೊಂಡು, ಕಡ್ಡಿಯ ತುದಿಯಲ್ಲಿ ಚೂರು ಚೂರೇ ತಿನ್ನಿಸಿ, ಆಮೇಲೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದಳು. ಒಂದು ಬೆಳಿಗ್ಗೆ ಹೂವು ಅರಳಿತು! ನನ್ನನ್ನು ಕೂಗಿ ಕರೆದು ತೋರಿಸಿದಳು. ಅಷ್ಟು ಸಂತೋಷ ಅವಳ ಮುಖದಲ್ಲಿ ನಾನು ಕಂಡಿದ್ದು ಅಪರೂಪ. ಇಷ್ಟಕ್ಕೇ ನಿಲ್ಲಿಸಿದ್ದರೆ ನಾನು ಜಾಣ.

ತೊಟ್ಟಿ ಒಂದು ಮೂಲೆಯಲ್ಲಿ ಒಸರತೊಡಗಿತು. ಗಿರಿಜಾ ತವರಿಗೆ ಹೋಗಿದ್ದಳು. ತಾಮ್ರದಲ್ಲಿಟ್ಟ ನೀರು ಕೆಡುವುದಿಲ್ಲವೆಂದು ನಮ್ಮಲ್ಲಿ ಮಕ್ಕಳಿಗೂ ಗೊತ್ತು. ಅವಳಿಗೆ ಮದುವೆಯಲ್ಲಿ ಕೊಟ್ಟ ತಾಮ್ರದ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿದೆ. ಕಡಿಮೆ ಬಿದ್ದ ನೀರಿಗೆ ಬಾವಿ ನೀರು ಸೇರಿಸಿ, ಸಾರಿನಂತೆ ರುಚಿ ನೋಡಿ ನೋಡಿ ಕಲ್ಲುಪ್ಪು ಕದಡಿದೆ. ಹೂವನ್ನು ಸಕಲ ಗೌರವದೊಂದಿಗೆ ಒಳಗೆ ಬಿಟ್ಟೆ.

ಗಿರಿಜಾ ಊರಿಂದ ಬರುವ ಹೊತ್ತಿಗೆ ಹೂವು ಕರಗಿ ಲೋಳೆಯಾಗಿತ್ತು. ನಾತಕ್ಕೆ ಪಕ್ಕದ ಮನೆಯವರು ಹಿತ್ತಲ ಬಾಗಿಲು ಹಾಕಿಕೊಂಡಿದ್ದರು. ಇಂಥ ಜೀವಿಗಳಿಗೆ ತಾಮ್ರ ವಿಷವೆಂದು ನಾನು ಪುಸ್ತಕ ತೆರೆದು ಓದಿದ್ದು ಆಮೇಲೆ.

ಅವಳು ಬಯ್ಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಹಂಡೆಯತ್ತ ನೋಡುತ್ತ, "ಅದನ್ನ ಇಲ್ಲಿಗೆ ತರೋ ಬದ್ಲು ನನ್ನೇ ಅಲ್ಲಿಗೆ ಕರ್ಕೊಂಡು ಹೋಗಿದ್ರೆ ಇಬ್ರೂ ಚೆನ್ನಾಗಿರ್ತಿದ್ವಿ ಕಣ್ರೀ" ಎಂದಳು.

ಮುಂದಿನ ಬೇಸಿಗೆಯಲ್ಲಿ ತಂಗಿಯನ್ನು ಜೊತೆಮಾಡಿಕೊಂಡು ಸಮುದ್ರಕ್ಕೆ ಹೋದಳು. ಬರ್ತೀರಾ ಎಂದು ನನ್ನನ್ನು ಕೇಳಲಿಲ್ಲ. ಬಂದ ಮೇಲೆ ನಾನು ಗಂಟಲು ಸರಿಮಾಡಿಕೊಂಡು, ಬಂಡೆಯ ಮೇಲೆ ಕಡಲಹೂವುಗಳು ಕಂಡವೇ ಎಂದು ತಜ್ಞನ ಧಾಟಿಯಲ್ಲಿ ವಿಚಾರಿಸಿದೆ.

"ಬೇಕಾದಷ್ಟಿದ್ವು" ಎಂದಳು. "ಮೇಷ್ಟ್ರುಗಳು ಯಾರೂ ಇರ್ಲಿಲ್ಲ, ಚೆನ್ನಾಗಿ ಅರಳಿದ್ವು."