ಚಾರ್ಜಿನಲ್ಲಿದ್ದೂ ಓಡದ ಲ್ಯಾಪ್‌ಟಾಪ್

ನಮ್ಮ ಕಟ್ಟಡದಲ್ಲಿ ಯಂತ್ರವೊಂದು ಕೆಟ್ಟಿತೆಂದರೆ ಅದರ ಕಾರಣ ಬಲ್ಲವರು ಮೆಟ್ಟಿಲ ಮೇಲೆಯೇ ಸಿಗುತ್ತಾರೆ; ರಿಪೇರಿ ಬಲ್ಲವರು ಎಲ್ಲಿಯೂ ಸಿಗುವುದಿಲ್ಲ. ಅಬ್ಬಿಗೆರೆಯ ಆ ಬಾಡಿಗೆ ಕೋಣೆಯಲ್ಲಿ ನಾನಿದ್ದಷ್ಟು ಕಾಲವೂ ಹೀಗೆಯೇ ನಡೆಯಿತು. ನಾನು ಯಾರನ್ನೂ ಕ್ಷಮಿಸಿಲ್ಲ. ಆದರೆ ಕೇಳಿದವರೆಲ್ಲ ನಗುತ್ತಾರೆ, ಆದ್ದರಿಂದ ಬರೆಯುತ್ತಿದ್ದೇನೆ.

ಗೀಸರ್ ಪಾಯಿಂಟು

ಪದವಿ ಮುಗಿದು ವರ್ಷ ಕಳೆದಿತ್ತು. ಕೊನೆಗೆ ಒಂದು ಕಂಪನಿ ಆನ್‌ಲೈನ್ ಪರೀಕ್ಷೆಗೆ ಕರೆಯಿತು. ಪರೀಕ್ಷೆ ಶನಿವಾರ ಬೆಳಿಗ್ಗೆ. ಸ್ವಂತ ಲ್ಯಾಪ್‌ಟಾಪಿನಲ್ಲಿ, ಕ್ಯಾಮೆರಾದ ಎದುರು, ಒಬ್ಬನೇ ಕುಳಿತು ಬರೆಯಬೇಕು. ಸೈಬರ್ ಕೆಫೆಗೆ ಅವಕಾಶವಿಲ್ಲ.

ಲ್ಯಾಪ್‌ಟಾಪನ್ನು ಕೋಣೆಯಲ್ಲೇ ಬಿಟ್ಟು ದಸರೆಗೆ ಅಕ್ಕನ ಮನೆಗೆ ಹೋಗಿ ಮರಳಿದಾಗ ಅದರ ಮುಚ್ಚಳದ ಮೇಲೆ ಕುಂಕುಮದ ಬೊಟ್ಟಿತ್ತು. ಒರೆಸಿದೆ. ಅಂದಿನಿಂದ ಅದು ನಿಧಾನವಾಯಿತು. ಬ್ಯಾಟರಿ ಮೊದಲೇ ಸತ್ತಿದ್ದರಿಂದ ಸದಾ ಚಾರ್ಜರಿನಲ್ಲೇ ಇರುತ್ತಿತ್ತು. ಹಾಗಿದ್ದೂ ಒಂದು ಅಕ್ಷರ ಒತ್ತಿದರೆ ಅದು ಯೋಚಿಸಿ ಮೂಡುತ್ತಿತ್ತು. ಅಭ್ಯಾಸ ಪರೀಕ್ಷೆ ತೆರೆದೆ. ಗಡಿಯಾರ ಓಡಿತು, ಪ್ರಶ್ನೆ ಬರಲಿಲ್ಲ.

ನನ್ನ ಕೋಣೆಯ ಸಂಗಾತಿ ವಿಜಯಪುರದ ಕಡೆಯವನು, ಪೀಣ್ಯದ ಕಾರ್ಖಾನೆಯೊಂದರಲ್ಲಿ ಕೆಲಸ. ಅವನು ಗೋಡೆಯ ಪ್ಲಗ್ಗನ್ನು ತಿರಸ್ಕಾರದಿಂದ ನೋಡಿದ.

"ಇದರಾಗ ಕರೆಂಟಿಗೆ ದಮ್ಮಿಲ್ಲಪಾ. ನಮ್ಮ ಮಷಿನ್ನೂ ವೋಲ್ಟೇಜ್ ಕಮ್ಮಿ ಆದ್ರ ಹಿಂಗs ತೆವಳತೈತಿ. ಗೀಸರ್ ಪಾಯಿಂಟಿಗೆ ಹಚ್ಚು, ಹೆಂಗ ಓಡತೈತಿ ನೋಡು."

"ಪರೀಕ್ಷೆಯನ್ನು ಬಚ್ಚಲಮನೆಯಲ್ಲಿ ಬರೆಯಲೇ?"

"ಒಬ್ಬನs ಇರಬೇಕಂತ ಅವ್ರs ಹೇಳ್ಯಾರಲ್ಲ. ಅಲ್ಲಿ ಯಾರ್ ಬರ್ತಾರ?"

ತರ್ಕದಲ್ಲಿ ದೋಷವಿರಲಿಲ್ಲ. ಗೀಸರಿನ ವೈರು ಕಿತ್ತು ಲ್ಯಾಪ್‌ಟಾಪಿಗೆ ಹಚ್ಚಿ, ಬಕೆಟ್ಟು ಬೋರಲು ಹಾಕಿ ಕುಳಿತೆ. ವೇಗ ಬದಲಾಗಲಿಲ್ಲ. ಮರುದಿನ ಇಬ್ಬರೂ ತಣ್ಣೀರು ಸುರಿದುಕೊಂಡೆವು. ಆ ಮನೆಯಲ್ಲಿ ಬಿಸಿಯಾಗಿದ್ದುದು ಲ್ಯಾಪ್‌ಟಾಪೊಂದೇ.

ಸರ್ವರೋಗಕ್ಕೂ ಫಾರ್ಮ್ಯಾಟ್

ಬಾಗಲಗುಂಟೆಯಲ್ಲಿ ಒಂದು ಕಂಪ್ಯೂಟರ್ ರಿಪೇರಿ ಅಂಗಡಿ. ಅಲ್ಲಿಯ ಯಜಮಾನ ನನ್ನ ಮೊದಲ ವಾಕ್ಯ ಮುಗಿಯುವ ಮುನ್ನವೇ ತೀರ್ಪು ಕೊಟ್ಟ.

"ಫಾರ್ಮ್ಯಾಟ್ ಮಾಡ್ಬೇಕು ಗುರು."

ಮಾಡಿದ. ನನ್ನ ಕಾಲೇಜಿನ ನಾಲ್ಕು ವರ್ಷಗಳು ಅಳಿಸಿಹೋದವು. ನಿಧಾನ ಮಾತ್ರ ಅಳಿಯಲಿಲ್ಲ. ಮತ್ತೆ ಹೋದೆ. ಅವನು ಗಲ್ಲ ಕೆರೆದುಕೊಂಡು ಕೇಳಿದ:

"ಚಾರ್ಜರ್ ಹಾಕ್ಕೊಂಡೇ ಯೂಸ್ ಮಾಡ್ತೀರಾ?"

"ಹೌದು."

"ಅದೇ ತಪ್ಪು. ತೆಗೆದ್ಬಿಟ್ಟು ನೋಡಿ."

"ತೆಗೆದರೆ ಆರಿಹೋಗುತ್ತದೆ."

"ಹಂಗಾದ್ರೆ ಸ್ಲೋ ಪ್ರಾಬ್ಲಂ ಇರಲ್ವಲ್ಲ!"

ಇಂಜಿನ್ ಎಲ್ಲಿದೆ?

ಶುಕ್ರವಾರ ಸಂಜೆ. ಇನ್ನು ಯಾರ ಮಾತನ್ನೂ ಕೇಳಬಾರದೆಂದು ನಿಶ್ಚಯಿಸಿ, ಸಂಗಾತಿಯ ಸ್ಕ್ರೂಡ್ರೈವರ್ ಪಡೆದು, ಲ್ಯಾಪ್‌ಟಾಪನ್ನು ಮೇಜಿನ ಮೇಲೆ ಬೋರಲಾಗಿಟ್ಟೆ. ಅಷ್ಟರಲ್ಲಿ ಮನೆ ಮಾಲೀಕರು ಬಾಗಿಲಲ್ಲಿ ಪ್ರತ್ಯಕ್ಷರಾದರು. ಇವರು ಆ ಊರಿನ ಹಳಬರು. ಹೊಲವಿದ್ದಾಗ ಟ್ರಾಕ್ಟರ್ ಓಡಿಸಿದವರು, ಈಗ ಅದೇ ಹೊಲದ ಮೇಲೆ ಎದ್ದಿರುವ ಕಟ್ಟಡವನ್ನು ಓಡಿಸುತ್ತಿರುವವರು.

"ಏನಪ್ಪಾ ಇಂಜಿನಿಯರ್ರು, ಬಿಚ್ಚಾಕ್ತಿದೀಯ? ಇದೇ ಓದಾ ನಿಂದು?"

"ಅಲ್ಲ. ಸಿವಿಲ್."

"ಅಂಗಾದ್ರೆ ಅದ್ ಬುಡು. ಮೇಲ್ಗಡೆ ಟ್ಯಾಂಕ್ ಸೋರ್ತೈತೆ, ನೋಡು ಬಾ."

ನಾನು ಸ್ಕ್ರೂ ಬಿಚ್ಚಿ ತಳದ ತಗಡು ಎತ್ತಿದೆ.

ಫ್ಯಾನು ಕಾಣಲಿಲ್ಲ. ಅದರ ಜಾಗದಲ್ಲಿ ಒಣಗಿದ ಗಂಧ, ಅರಿಶಿನ, ಕುಂಕುಮಗಳ ಒಂದು ಹೆಂಟೆ. ಅದರೊಳಗೆ ಹಲ್ಲುಗಳಂತೆ ಅಕ್ಷತೆಯ ಕಾಳು. ರೆಕ್ಕೆಗೆ ಸಿಕ್ಕಿಕೊಂಡ ಸೇವಂತಿಗೆಯ ಎಸಳು. ಗಾಳಿಯಿಲ್ಲದೆ ಯಂತ್ರ ಬಿಸಿಯೇರುತ್ತಿತ್ತು. ಸುಟ್ಟುಹೋಗಬಾರದೆಂದು ತನ್ನ ವೇಗವನ್ನು ತಾನೇ ಕುಗ್ಗಿಸಿಕೊಳ್ಳುತ್ತಿತ್ತು. ಎಷ್ಟು ಚಾರ್ಜ್ ಕೊಟ್ಟರೇನು?

"ಇದನ್ನು ಯಾರು ಮಾಡಿದರು?" ಎಂದೆ. ನನ್ನ ಧ್ವನಿ ನನಗೇ ತಣ್ಣಗೆ ಕೇಳಿಸಿತು.

ಮಾಲೀಕರ ಮುಖ ಅರಳಿತು. "ನಾನೇ ಕಣಪ್ಪಾ! ಆಯುಧಪೂಜೆ ದಿನ ಬಿಲ್ಡಿಂಗ್‌ನಾಗಿರೋ ಮೋಟ್ರು, ಮಿಕ್ಸಿ, ಗಾಡಿ, ಎಲ್ಲಾಕೂ ಪೂಜೆ ಆಯ್ತು. ನೀನಿರ್ಲಿಲ್ಲ. ನಿಂದೊಂದ್ ಬುಡಕ್ಕಾಯ್ತದಾ? ನಿನ್ ಜತೆಗಾರನ್ ಕೈಲಿ ಬಾಗ್ಲು ತೆಗ್ಸಿದೆ."

"ಮುಚ್ಚಳದ ಮೇಲೆ ಬೊಟ್ಟಿಟ್ಟಿದ್ದಿರಲ್ಲ, ಅದು ಸಾಲದೆ?"

"ಟ್ರಾಕ್ಟರ್‌ಗೆ ಬರೀ ಬಾನೆಟ್ಟಿಗೆ ಅಚ್ಚಿದ್ರೆ ಆಯ್ತದಾ? ಇಂಜಿನ್ನಿಗೂ ಅಚ್ಬೇಕು. ಇದ್ರ ಇಂಜಿನ್ ಎಲ್ಲೈತೋ ಅಂತ ಮಗುಚಾಕಿ ಹುಡುಕ್ದೆ. ಸಣ್ಣ ಸಣ್ಣ ಕಂಡಿ ಕಾಣುಸ್ತು, ಇದೇ ಇರ್ಬೇಕು ಅಂತ ಸರಿಯಾಗಿ ಒತ್ತಿ ಮೆತ್ತಿದೀನಿ."

ನಾನು ಸಂಗಾತಿಯ ಕಡೆ ನೋಡಿದೆ. ಅವನು ಸೂರು ನೋಡುತ್ತಿದ್ದ. "ದೇವರ ಕೆಲಸಕ್ಕ ಬ್ಯಾಡ ಅಂತ ಹೆಂಗ ಅನ್ನಲಿಪಾ?"

ಹಲ್ಲುಜ್ಜುವ ಬ್ರಷ್ಷಿನಿಂದ ಆ ಹೆಂಟೆಯನ್ನು ಕೆರೆದು ತೆಗೆದೆ. ಉದುರಿದ ಅಕ್ಷತೆಯನ್ನು ಮಾಲೀಕರು ಹೆಕ್ಕಿ, ಕಣ್ಣಿಗೊತ್ತಿಕೊಂಡು, ನನ್ನ ತಲೆಯ ಮೇಲೆ ಹಾಕಿದರು.

ಶನಿವಾರ ಲ್ಯಾಪ್‌ಟಾಪ್ ಓಡಿತು. ಪರೀಕ್ಷೆಯಲ್ಲಿ ಪಾಸಾದೆ.

ಹೊಸ ಬೀಗ

ಮುಂದಿನ ವಾರ ಸಂದರ್ಶನಕ್ಕೆ ಕರೆ ಬಂತು. ಸುದ್ದಿ ಮಾಲೀಕರಿಗೂ ಮುಟ್ಟಿತು.

"ನೋಡ್ದಾ? ಇಂಜಿನ್ನಿಗೇ ಪೂಜೆ ಬಿದ್ದೈತೆ, ಕೆಲ್ಸ ಸಿಗ್ದೆ ಎಲ್ಲೋಯ್ತದೆ? ಮುಂದಿನ್ ವರ್ಸ ಆಫೀಸಿನ್ ಲ್ಯಾಪ್‌ಟಾಪ್ ಬರ್ತೈತಲ್ಲ, ಅದಕ್ಕೆ ಬೂದುಗುಂಬಳಕಾಯೇ ಒಡ್ದಾಕನ."

ಸಂದರ್ಶನದ ಹಿಂದಿನ ದಿನ ಸಂಗಾತಿಯ ಒಪ್ಪಿಗೆ ಪಡೆದು ಬಾಗಿಲಿಗೆ ಹೊಸ ಬೀಗ ತಂದು ಹಾಕಿದೆ. ಅವನಿಗೊಂದು ಕೀಲಿ, ನನಗೊಂದು, ಮೂರನೆಯವರಿಗೆ ಇಲ್ಲ. ಪ್ರಮಾಣಪತ್ರಗಳನ್ನೂ ಬೂಟುಗಳನ್ನೂ ಲ್ಯಾಪ್‌ಟಾಪನ್ನೂ ಒಳಗಿಟ್ಟು ಬೀಗ ಜಡಿದು, ಅಂಗಿ ಇಸ್ತ್ರಿ ಮಾಡಿಸಲು ಹೋದೆ. ಬಹಳ ದಿನಗಳ ನಂತರ ನನಗೆ ಸಮಾಧಾನವೆನಿಸಿತ್ತು.

ಮರಳಿ ಬಂದಾಗ ಮಾಲೀಕರು ಬಾಗಿಲ ಮುಂದೆ ಗಂಧ, ಕುಂಕುಮದ ತಟ್ಟೆ ಹಿಡಿದು ನಿಂತಿದ್ದರು, ಪ್ರಸನ್ನರಾಗಿ.

"ಹೊಸಾ ಬೀಗ ತಂದೀಯ, ಒಂದ್ ಮಾತ್ ಏಳ್ಬಾರ್ದಾ? ಪೂಜೆ ಮುಗ್ಸಿದೀನಿ. ಇದ್ರ ಇಂಜಿನ್ ಹುಡ್ಕೋದೇನ್ ಕಷ್ಟ ಆಗ್ಲಿಲ್ಲ, ಕಣ್ಣೆದುರ್ಗೇ ಐತೆ."

ಕೀಲಿ ಒಳಗೆ ಹೋಗಲಿಲ್ಲ.