ನೀರು ನಿಲ್ಲುವ ಮುಂಚೆ ಹುಟ್ಟಿದವರು

ಪ್ರಜ್ವಲ್‌ನ ಬಾಯಿಂದ ಏಲಕ್ಕಿಯ ವಾಸನೆ ಬಂತು. ಸುಚಿತ್ರಾಳ ಭಾನುವಾರ ಹಾಳಾಗಲು ಅಷ್ಟು ಸಾಕಾಯಿತು.

ಹೊಂಗೆಕೊಪ್ಪಲಿನಲ್ಲಿ ಏಲಕ್ಕಿ ಬೆಳೆಯುವವರಿದ್ದಾರೆ, ತಿನ್ನುವವರಿಲ್ಲ. ಪಾಯಸಕ್ಕೂ ಸಿಪ್ಪೆಯನ್ನಷ್ಟೇ ಹಾಕಿ ಕಾಳನ್ನು ಮಾರಾಟಕ್ಕೆ ಎತ್ತಿಡುವ ಊರು ಅದು. ಅಂಥ ಊರಿನ ಹತ್ತೊಂಬತ್ತು ವರ್ಷದ ಹುಡುಗ, ಮಾರನಹಳ್ಳಿಯಲ್ಲಿ ಗೆಳೆಯನ ಮನೆಯ ಗೃಹಪ್ರವೇಶ ಮುಗಿಸಿ ಬೆಳಿಗ್ಗೆ ಬಂದವನು, ಅಮ್ಮನಿಂದ ನಾಲ್ಕು ಮಾರು ದೂರ ನಿಂತು ಏಲಕ್ಕಿ ಅಗಿಯುತ್ತಿದ್ದಾನೆ ಎಂದರೆ ಅದು ಇನ್ನೊಂದು ವಾಸನೆಯನ್ನು ಹೂಳುವುದಕ್ಕೇ.

ಈ ವಿಷಯದಲ್ಲಿ ಸುಚಿತ್ರಾಳ ಮೂಗು ಚೆಕ್‌ಪೋಸ್ಟಿನ ಹಾಗೆ. ಅವಳನ್ನು ದಾಟಿ ಯಾರೂ ಒಳಗೆ ಹೋಗುವಂತಿರಲಿಲ್ಲ. ಅವಳ ಅಪ್ಪ ಕುಡಿದು ಕುಡಿದು, ನಲವತ್ತು ತುಂಬುವ ಮೊದಲೇ ಮಾಗಿದ ಗಜನಿಂಬೆಯಂತೆ ಹಳದಿಯಾಗಿ ತೀರಿಹೋಗಿದ್ದ. ಅಂದಿನಿಂದ ಮನೆಗೆ ಬಂದವರ ಕಾಲಿನ ಕೆಸರಿಗಿಂತ ಮೊದಲು ಬಾಯಿಯ ಗಾಳಿ ನೋಡುವುದು ಅವಳಿಗೆ ಅಭ್ಯಾಸವಾಗಿತ್ತು. ಗಂಡ ಹೇಗೂ ಕೈಬಿಟ್ಟು ಹೋದ ಕೇಸು. ಮಗನೊಬ್ಬ ಉಳಿದರೆ ಸಾಕೆಂದು ಅವಳು ಕಾಯುತ್ತಿದ್ದಳು.

"ರೀ, ನಿಮ್ಮ ಮಗ ಕುಡ್ಕೊಂಡು ಬಂದವ್ನೆ," ಎಂದು ಅವಳು ಗಂಡ ಜಯಕುಮಾರ್‌ನಿಗೆ ಹೇಳಿದಳು.

ಅವನು ಔಷಧಿ ಹೊಡೆಯುವ ಸ್ಪ್ರೇಯರಿನ ಮೂತಿಯನ್ನು ಊದಿ ನೋಡುತ್ತಿದ್ದ. "ವಾಸ್ನೆ ಏಲಕ್ಕಿದು ಅಂತೀಯ, ಕುಡ್ದವ್ನೆ ಅಂತೀಯ. ಹಂಗಾದ್ರೆ ನಮ್ಮ ಪೂಜಾರ್ರೂ ಕುಡುಕ್ರೇ ಬುಡು."

"ಒಂದು ಮಾತು ಬುದ್ಧಿ ಹೇಳಿ."

"ನಾನಾ?" ಜಯಕುಮಾರ್ ನಿಜವಾಗಿಯೂ ಗಾಬರಿಯಾದ. "ನಾನು ಹೇಳಿದ್ರೆ ಅವ್ನು ನಗಲ್ವೇನೆ?"

ಅದು ಅವನು ಆ ವರ್ಷದಲ್ಲಿ ಆಡಿದ ಅತ್ಯಂತ ಪ್ರಾಮಾಣಿಕ ಮಾತು. ಅವನಿಗೆ ದಿನಾ ಸಂಜೆ ಮೈನೋವು ಬರುತ್ತಿತ್ತು. ಆಲೂರಿನ ಬಸ್ಸು ತಪ್ಪಿದರೂ ಅದು ತಪ್ಪುತ್ತಿರಲಿಲ್ಲ. ಅದರ ಔಷಧಿ ರುದ್ರಯ್ಯನ ಅಂಗಡಿಯಲ್ಲಿ ಪ್ಯಾಕೆಟ್ಟಿನಲ್ಲಿ ಸಿಗುತ್ತಿತ್ತು. ಸರ್ಕಾರದ ಲೆಕ್ಕದಲ್ಲಿ ರುದ್ರಯ್ಯನದು ಬೆಲ್ಲ, ಬೀಡಿ, ಸೋಪಿನ ಅಂಗಡಿ. ಊರಿನ ಲೆಕ್ಕದಲ್ಲಿ ಅಲ್ಲಿ ಸೋಪು ಕೊಳ್ಳುವವರೇ ಕಡಿಮೆ.

ಹನ್ನೊಂದಕ್ಕೆ ಡೇರಿಯ ಜಗಲಿಯ ಮೇಲೆ ಸ್ತ್ರೀಶಕ್ತಿ ಸಂಘದ ಸಭೆಯಿತ್ತು. ಪಿಯುಸಿ ಓದಿದ್ದಾಳೆಂಬ ಅಪರಾಧಕ್ಕೆ ಸುಚಿತ್ರಾ ಅದರ ಕಾರ್ಯದರ್ಶಿ. ಕೈಕೆಲಸದ ವಿಷಯ ಮುಗಿದ ಮೇಲೆ ಅವಳು ಎದ್ದು ನಿಂತು, ಗಂಟಲು ಸರಿಮಾಡಿಕೊಂಡು, ಇಪ್ಪತ್ತೊಂದು ತುಂಬದ ಹುಡುಗರಿಗೆ ರುದ್ರಯ್ಯ ಪ್ಯಾಕೆಟ್ ಕೊಡಬಾರದೆಂದು ಸಂಘ ತಾಕೀತು ಮಾಡಬೇಕು ಎಂದಳು.

"ಸರ್ಕಾರದ್ದೇ ಐತಲ್ಲೇ ಇಪ್ಪತ್ತೊಂದು ಅಂತ," ಎಂದರು ಅಧ್ಯಕ್ಷೆ ರಾಜಲಕ್ಷ್ಮಮ್ಮ.

"ಐತೆ ಅಕ್ಕ. ಅದು ಬೆಂಗ್ಳೂರಲ್ಲೇ ಕೂತೈತೆ. ನಮ್ಮೂರಿಗೆ ಬಂದಿಲ್ಲ."

"ಹಂಗಾದ್ರೆ ಅಂಗ್ಡೀನೇ ಮುಚ್ಸಿ," ಎಂದಳು ಹಿಂದಿನ ಸಾಲಿನಿಂದ ನವ್ಯಶ್ರೀ.

ಹೋದ ವರ್ಷ ಮುಚ್ಚಿಸಿದ್ದರು. ಗಂಡಸರು ಕೆ. ಹೊಸಕೋಟೆಗೆ ಬೈಕಿನಲ್ಲಿ ಹೋಗಿ ಕುಡಿದು, ಬರುವಾಗ ಒಬ್ಬೊಬ್ಬರಾಗಿ ಚರಂಡಿಗೆ ಇಳಿದಿದ್ದರು. ಎತ್ತಿ ತರುವ ಕೆಲಸವೂ ಹೆಂಗಸರದೇ ಆಯಿತು. ಹಾಗಾಗಿ ಅಂಗಡಿ ಇರಲಿ, ವಯಸ್ಸು ಇರಲಿ ಎಂದು ತೀರ್ಮಾನವಾಯಿತು. ಸುಚಿತ್ರಾಳಿಗೆ ಎದೆ ಹಗುರವಾಯಿತು.

ಆಗ ರಾಜಲಕ್ಷ್ಮಮ್ಮ, "ಅದ್ಯಾಕೆ ಇಪ್ಪತ್ತೊಂದು? ನನ್ನ ಮಗಂಗೆ ಇಪ್ಪತ್ನಾಲ್ಕು. ಅವ್ನು ಹಾಳಾಗೋದಾ? ಇಪ್ಪತ್ತೈದು ಮಾಡು," ಎಂದರು.

"ಇಪ್ಪತ್ತೈದಾದ್ರೆ ನಮ್ಮನೆಯವ್ರು ಆಚೆಗೆ ಹೋಗ್ತಾರಲ್ಲ ಅಕ್ಕ," ಎಂದಳು ನವ್ಯಶ್ರೀ. "ಅವ್ರಿಗೆ ಮೂವತ್ತೆರಡು."

"ಮೂವತ್ತೈದು ಮಾಡಿ."

"ನನ್ನ ಮೈದುನಂಗೆ ಮೂವತ್ತೆಂಟು ಕಣವ್ವ, ಅವ್ನನ್ಯಾಕೆ ಬುಡ್ತೀರಾ?"

ಬಾಳೆಗೊನೆಯ ಹರಾಜಿನಂತೆ ವಯಸ್ಸು ಏರಿತು. ಯಾರ ಮನೆಯ ಕುಡುಕನೂ ಬೇಲಿಯ ಆಚೆ ಉಳಿಯಬಾರದು. ಸುಚಿತ್ರಾ ಇಪ್ಪತ್ತೈದಕ್ಕೇ ಸಾಕೆನ್ನಬಹುದಿತ್ತು. ಆದರೆ ನಲವತ್ತೆಂಬ ಮಾತು ಕಿವಿಗೆ ಬಿದ್ದಾಗ ಅವಳಿಗೆ ಜಯಕುಮಾರ್‌ನ ವಯಸ್ಸು ನೆನಪಾಯಿತು. ನಲವತ್ತೆರಡು. ಮಗನನ್ನು ಉಳಿಸುವ ಬಲೆಗೆ ಗಂಡನೂ ಬಿದ್ದರೆ ಬೇಡವೇ?

"ನಲವತ್ತೈದು," ಎಂದುಬಿಟ್ಟಳು.

ಸಭೆ ಅವಳನ್ನು ನೋಡಿತು. ಕಂಬಕ್ಕೊರಗಿ ಕೂತಿದ್ದ ಅವಳ ಅತ್ತೆ ದೇವೀರಮ್ಮ ಇದ್ದಕ್ಕಿದ್ದಂತೆ ಎಲೆಯಡಿಕೆ ಉಗಿದು, "ನಲವತ್ತೈದೇ ಸರಿ ಕಣ್ರವ್ವ. ಅದಕ್ಕಿಂತ ಚಿಕ್ಕೋರ ಕೈಗೆ ಕೊಟ್ರೆ ಅವಕ್ಕೆ ಅಳತೆ ಗೊತ್ತಾಗಕಿಲ್ಲ," ಎಂದರು.

ಮದುವೆಯಾಗಿ ಇಪ್ಪತ್ತು ವರ್ಷದಲ್ಲಿ ಅತ್ತೆ ಅವಳ ಮಾತಿಗೆ ಹೂಂಗುಟ್ಟಿದ್ದು ಅದೇ ಮೊದಲು. ಸುಚಿತ್ರಾಳ ಕಣ್ಣು ತುಂಬಿತು. ಅನುಮಾನ ಪಡುವುದೇ ಉಸಿರಾಗಿದ್ದ ಹೆಂಗಸಿಗೆ ಅನುಮಾನ ಬರಬೇಕಾದ ಒಂದೇ ಕ್ಷಣದಲ್ಲಿ ಅಳು ಬಂದಿತ್ತು.

ಮೆರವಣಿಗೆ ರುದ್ರಯ್ಯನ ಅಂಗಡಿಗೆ ಬಂತು. ಅಬಕಾರಿಯವರಿಗೆ ಫೋನ್ ಮಾಡುತ್ತೇವೆಂದ ಕೂಡಲೇ ರುದ್ರಯ್ಯ ಕೈ ಮುಗಿದ. ಬೆಂಚಿನ ಮೇಲೆ ಕೂತು ಬೀಡಿ ಸೇದುತ್ತಿದ್ದ ಪುಟ್ಟಸ್ವಾಮಿ ಮಾತ್ರ ಸುಮ್ಮನಿರಲಿಲ್ಲ. ಅವನು ಎಸ್ಟೇಟ್ ಒಂದರ ಸ್ಟೋರಿನಲ್ಲಿ ಗೊಬ್ಬರದ ಚೀಲ ಎಣಿಸುವವನು. ಫೋನಿನಲ್ಲಿ ಪ್ರಪಂಚವನ್ನೆಲ್ಲ ನೋಡಿದ್ದ.

"ಕುಡಿಯಾಕೆ ವಯಸ್ಸು ಅಂತ ಇಡಬಾರ್ದು ಕಣ್ರೀ. ಜರ್ಮನಿ ದೇಶದಾಗೆ ಹದ್ನಾರಕ್ಕೇ ಬಿಯರ್ ಕೊಡ್ತಾರಂತೆ. ಅಲ್ಲಿ ಯಾರು ಹಾಳಾಗವ್ರೆ? ಎಲ್ರೂ ಕಾರು ತಯಾರು ಮಾಡ್ತಾವ್ರೆ."

"ನೀನೂ ಹದ್ನಾರರಿಂದ ಕುಡೀತಿದ್ದೀಯ," ಎಂದರು ರಾಜಲಕ್ಷ್ಮಮ್ಮ. "ಒಂದು ಸೈಕಲ್ ಆದ್ರೂ ತಯಾರು ಮಾಡಿದ್ದೀಯೇನೋ?"

ಪುಟ್ಟಸ್ವಾಮಿ ಬೀಡಿಯ ಬೂದಿ ಕೊಡವಿದ. ಬೇಡವೆಂದರೆ ಹುಡುಗರಿಗೆ ಹಠ ಹೆಚ್ಚು ಎಂದು ಇನ್ನೊಂದು ಮಾತು ಶುರು ಮಾಡಿದ. ಯಾರೂ ಕೇಳಿಸಿಕೊಳ್ಳಲಿಲ್ಲ.

ತೊಡಕು ಬಂದದ್ದು ರುದ್ರಯ್ಯನಿಂದ. "ವಯಸ್ಸು ನಂಗೆ ಹೆಂಗೆ ಗೊತ್ತಾಗ್ಬೇಕವ್ವ? ಆಧಾರ್ ನೋಡೋಣ ಅಂದ್ರೆ ಊರಾಗೆ ಅರ್ಧ ಜನ ಜನವರಿ ಒಂದಕ್ಕೇ ಹುಟ್ಟವ್ರೆ. ಇನ್ನರ್ಧ ಮೇಷ್ಟ್ರು ಹುಟ್ಸಿದ ದಿನ ಹುಟ್ಟವ್ರೆ."

ಮತ್ತೆ ದೇವೀರಮ್ಮನೇ ಮುಂದೆ ಬಂದರು. "ಕಾರ್ಡು ಗೀರ್ಡು ಬ್ಯಾಡ. ಹೇಮಾವತಿ ಡ್ಯಾಮಾಗೆ ನೀರು ನಿಂತು ನಮ್ಮ ತವರು ಮುಳುಗ್ತಲ್ಲ, ಅದಾಗಿ ನಲವತ್ತೈದು ವರ್ಷ ಆಯ್ತು. ನೀರು ನಿಲ್ಲೋಕೆ ಮುಂಚೆ ಹುಟ್ಟಿದೋರಿಗೆ ಕೊಡು. ಆಮೇಲೆ ಹುಟ್ಟಿದೋರಿಗೆ ಬ್ಯಾಡ. ಯಾರು ಯಾವಾಗ ಹುಟ್ಟಿದ್ದು ಅಂತ ಊರಿಗೆ ಗೊತ್ತಿರಕಿಲ್ವಾ?"

ಎಲ್ಲರಿಗೂ ಒಪ್ಪಿಗೆಯಾಯಿತು. ಆ ಸೀಮೆಯಲ್ಲಿ ಮದುವೆ, ಸಾವು, ಎತ್ತು ಕಳೆದದ್ದು, ಎಲ್ಲದರ ಲೆಕ್ಕವೂ ನೀರು ನಿಲ್ಲುವ ಮುಂಚೆಯೋ ಆಮೇಲೋ ಎಂಬುದರಿಂದಲೇ. ಸುಚಿತ್ರಾ ಬಿಸ್ಕೆಟ್ ಡಬ್ಬದ ರಟ್ಟು ಹರಿದು, ತನ್ನ ದುಂಡು ಅಕ್ಷರದಲ್ಲಿ, 'ನೀರು ನಿಲ್ಲುವ ಮುಂಚೆ ಹುಟ್ಟಿದವರಿಗೆ ಮಾತ್ರ' ಎಂದು ಬರೆದು ಅಂಗಡಿಯ ಕಂಬಕ್ಕೆ ಕಟ್ಟಿದಳು. ಹೆಂಗಸರು ಚಪ್ಪಾಳೆ ತಟ್ಟಿದರು.

ಮಧ್ಯಾಹ್ನದ ಊಟ ಮುಗಿಯುವಷ್ಟರಲ್ಲಿ ಹೊಂಗೆಕೊಪ್ಪಲಿಗೆ ಮುಪ್ಪು ಬಂತು.

ಜೀವಮಾನವಿಡೀ ವಯಸ್ಸು ಕಳೆಯುತ್ತಿದ್ದ ಗಂಡಸರು ಕೂಡಲು ಶುರು ಮಾಡಿದರು. ಪುಟ್ಟಸ್ವಾಮಿ ಮೀಸೆಯ ಬಣ್ಣವನ್ನು ಸೀಮೆಎಣ್ಣೆಯಲ್ಲಿ ಉಜ್ಜಿ ಬಿಳಿ ಮಾಡಿಕೊಂಡು ಬಂದ. ನವ್ಯಶ್ರೀಯ ಗಂಡ ರವಿಚಂದ್ರ ಕೋಲೂರಿಕೊಂಡು, ಎರಡು ಹೆಜ್ಜೆಗೊಮ್ಮೆ ಕೆಮ್ಮುತ್ತಾ ಬಂದ.

"ನೀನ್ಯಾವಾಗ ಹುಟ್ಟಿದ್ದೋ?" ಎಂದ ರುದ್ರಯ್ಯ.

"ನೀರಿಗೆ ಮುಂಚೆ ಮಾರಾಯ. ನೀರು ಬಂದಾಗ ದಡದಲ್ಲಿ ನಿಂತು ನೋಡಿದ್ದು ನಂಗೆ ಕಣ್ಣಿಗೆ ಕಟ್ಟಿದಂಗೈತೆ."

"ನಿಮ್ಮಪ್ಪನ ಮದ್ವೇಲಿ ನಾನು ಊಟ ಬಡಿಸಿದ್ದೀನಿ ಕಣೋ. ಅವತ್ತು ತಿಂದ ಮೀನು ಡ್ಯಾಮಿಂದೇ. ನಡಿ ಮನೆಗೆ."

ಅಂಗಡಿಯ ಎದುರಿನ ಹಲಸಿನ ಮರದ ಮರೆಯಲ್ಲಿ ಕಾವಲು ನಿಂತಿದ್ದ ಸುಚಿತ್ರಾಳಿಗೆ ಇದನ್ನು ಕೇಳಿ ಎಷ್ಟೋ ಸಮಾಧಾನವಾಯಿತು. ನಿಯಮ ಕೆಲಸ ಮಾಡುತ್ತಿದೆ. ಅಷ್ಟರಲ್ಲಿ ಸಂಜೆಯ ಮೈನೋವು ಹೊತ್ತುಕೊಂಡು ಜಯಕುಮಾರ್ ಬಂದ. ಅವನ ಹಿಂದೆ ಸಾಕ್ಷಿಯಾಗಿ ಅವನ ಅಮ್ಮ ದೇವೀರಮ್ಮ.

"ಇವ್ನು ನೀರಿಗೆ ಮುಂಚೆ," ಎಂದರು ದೇವೀರಮ್ಮ. "ತವರು ಮುಳುಗ್ತೈತೆ ಅಂತ ನೋಡಾಕ್ ಹೋದಾಗ ಇವ್ನಿಗೆ ಮೂರು ತುಂಬಿತ್ತು. ನನ್ನ ಕೈ ಬುಡಿಸ್ಕೊಂಡು ನೀರಿಗೆ ಓಡ್ತಿದ್ದ."

ಸುಚಿತ್ರಾ ಮರದ ಮರೆಯಿಂದ ಹೊರಗೆ ಬಂದಳು. "ಅತ್ತೆ, ಇವ್ರಿಗೆ ನಲವತ್ತೆರಡು. ಹೆಣ್ಣು ನೋಡಾಕ್ ಬಂದಾಗ ಇಪ್ಪತ್ತೆರಡು ಅಂದಿದ್ರಿ."

"ಅದು ಹೆಣ್ಣು ನೋಡೋ ವಯಸ್ಸು ಕಣವ್ವ," ಎಂದರು ದೇವೀರಮ್ಮ ನಿಧಾನವಾಗಿ, ಮಗುವಿಗೆ ಮಗ್ಗಿ ಹೇಳಿಕೊಡುವಂತೆ. "ಇದು ನಿಜವಾದ ವಯಸ್ಸು."

"ಇಪ್ಪತ್ತು ವರ್ಷದಿಂದ ನನ್ನ ಹತ್ರ..."

"ನಿಂಗೆ ಅದ್ರಿಂದ ಏನು ತೊಂದ್ರೆ ಆಗಿತ್ತು?" ಎಂದ ಜಯಕುಮಾರ್. "ಈಗ ನೀನೇ ಕೇಳ್ದೆ ಅಂತ ಹೇಳ್ಬೇಕಾಯ್ತು."

ರುದ್ರಯ್ಯ ಕಂಬದ ರಟ್ಟು ಓದಿ, ಗೌರವದಿಂದ ಒಂದರ ಬದಲು ಎರಡು ಪ್ಯಾಕೆಟ್ ಕೊಟ್ಟ. ಇಷ್ಟು ದಿನ ಸೆರಗಿನ ಮರೆಯ ಕಳ್ಳನಂತೆ ಕುಡಿಯುತ್ತಿದ್ದ ಗಂಡ ಈಗ ಎದೆಯುಬ್ಬಿಸಿ, ರಸ್ತೆಯ ನಡುವೆ, ಹೆಂಡತಿ ಬರೆದ ಬೋರ್ಡಿನ ಕೆಳಗೆ ನಿಂತು ಕುಡಿದ. ಸಂಘದ ಅನುಮತಿ ಪಡೆದ ಊರಿನ ಮೊದಲ ಕುಡುಕ ಅವನು. ಸುಚಿತ್ರಾಳಿಗೆ ಗಂಡ ಆರು ವರ್ಷ ಹಳಬನಾದ ದುಃಖಕ್ಕೆ ಅಳಬೇಕೋ, ಅವನು ಕುಡಿಯುವುದಕ್ಕೆ ಅಳಬೇಕೋ ತಿಳಿಯಲಿಲ್ಲ. ಒಂದೇ ಅಳುವಿನಲ್ಲಿ ಎರಡನ್ನೂ ಮುಗಿಸಲು ನೋಡಿದಳು.

ಆದರೂ ಅವಳು ಅಲ್ಲಿಂದ ಕದಲಲಿಲ್ಲ. ಬೆಳಕು ಕಂದುವ ಹೊತ್ತಿಗೆ ಅವಳು ಕಾಯುತ್ತಿದ್ದ ಬೈಕು ಬಂತು. ಪ್ರಜ್ವಲ್ ಇಳಿದು, ಅತ್ತಿತ್ತ ನೋಡಿ, ಅಂಗಡಿಯ ಹತ್ತಿರ ಹೋಗಿ ಎರಡು ಬೆರಳು ತೋರಿಸಿದ.

ರುದ್ರಯ್ಯ ರಟ್ಟು ತೋರಿಸಿದ. "ನಿಮ್ಮಮ್ಮನೇ ಬರ್ದವ್ಳೆ ಕಣೋ. ಓದಾಕ್ ಬರ್ತದಲ್ಲ?"

"ಒಂದೇ ಒಂದು ಅಣ್ಣ."

"ಅರ್ಧನೂ ಇಲ್ಲ. ನೀನು ನೀರಿಗೆ ಆಮೇಲೆ. ನಿಮ್ಮಪ್ಪನ ಹತ್ರ ಕೇಳು, ಅವ್ನು ಮುಂಚೆ."

ಪ್ರಜ್ವಲ್ ಅಪ್ಪನನ್ನು ನೋಡಿದ. ಜಯಕುಮಾರ್ ಎರಡನೇ ಪ್ಯಾಕೆಟ್ಟನ್ನು ಅಂಗಿಯೊಳಗೆ ಸೇರಿಸಿಕೊಂಡು ಆಕಾಶ ನೋಡಿದ. ಆ ವಿಷಯದಲ್ಲಿ ಅವನು ಮಗನಿಗೂ ಪಾಲು ಕೊಡುವವನಲ್ಲ. ಹುಡುಗ ತಲೆ ತಗ್ಗಿಸಿ ಬೈಕು ಹತ್ತಿ ಮನೆಯ ಕಡೆ ತಿರುಗಿಸಿದ. ಪಾಳ್ಯದ ಬಾರಿನ ಕಡೆಗಲ್ಲ, ಹೊಸಕೋಟೆಯ ಕಡೆಗಲ್ಲ. ಮನೆಯ ಕಡೆಗೇ.

ಸುಚಿತ್ರಾ ಮರಕ್ಕೆ ಒರಗಿ ಬಹಳ ಹೊತ್ತು ನಿಂತಳು. ಮಾನ ಹೋದರೆ ಹೋಗಲಿ, ಗಂಡ ಹೋದರೆ ಹೋಗಲಿ. ಮಗ ಉಳಿದ.

ದೀಪ ಹಚ್ಚುವ ಹೊತ್ತಿಗೆ ಅವಳು ಮನೆಗೆ ಬಂದಾಗ ಅಂಗಳದಲ್ಲಿ ಆರೇಳು ಬೈಕುಗಳು ನಿಂತಿದ್ದವು. ಯಾರಿಗೋ ಏನೋ ಆಗಿದೆ ಎಂದುಕೊಂಡು ಅವಳು ಹಿತ್ತಿಲಿಗೆ ಓಡಿದಳು. ಕಾಫಿ ಒಣಗಿಸುವ ಕಣದಲ್ಲಿ ಊರಿನ ಹುಡುಗರೆಲ್ಲ ವೃತ್ತಾಕಾರವಾಗಿ, ಪಂಕ್ತಿ ಊಟಕ್ಕೆ ಕೂತಂತೆ ಶಿಸ್ತಾಗಿ ಕೂತಿದ್ದರು. ಕೋಲು ಬಿಸಾಡಿದ ರವಿಚಂದ್ರನೂ ಇದ್ದ, ಅವನ ಕೆಮ್ಮು ವಾಸಿಯಾಗಿತ್ತು. ನಡುವೆ ಗೋಣಿಚೀಲದ ಮೇಲೆ ದೇವೀರಮ್ಮ. ಅವರ ಮಡಿಲ ತುಂಬ ಪ್ಯಾಕೆಟ್ಟುಗಳು. ಒಂದೊಂದನ್ನೇ ತೆಗೆದು, ಹೆಸರು ಕರೆದು, ತೀರ್ಥ ಕೊಡುವಂತೆ ಕೊಡುತ್ತಿದ್ದರು.

ಮೊದಲ ಜಾಗದಲ್ಲಿ ಪ್ರಜ್ವಲ್ ಕೂತಿದ್ದ.

"ಅತ್ತೆ, ಇದೇನಿದು?"

"ರುದ್ರಯ್ಯ ಇವಕ್ಕೆ ಕೊಡಕಿಲ್ಲ ಅಂದ. ಮಧ್ಯಾಹ್ನ ನೀನು ಉಣ್ಣಾಕ್ ಬಂದಿದ್ದಾಗ್ಲೇ ನಂಗೆ ಕೊಟ್ಟ," ಎಂದರು ದೇವೀರಮ್ಮ. "ನಾನು ನೀರಿಗೆ ಎಷ್ಟೋ ಮುಂಚೆ ಅಲ್ವೇನವ್ವ?"

"ಅದು ಗಂಡಸ್ರಿಗೆ..."

"ಗಂಡಸ್ರಿಗೆ ಅಂತ ನೀನು ಬರ್ದಿಲ್ವಲ್ಲ. ಅವ್ನು ಎರಡು ಸಲ ಓದಿ ನೋಡ್ದ."

ಕುಡಿಯುವವರೆಂದರೆ ಗಂಡಸರೆಂಬುದು ಸುಚಿತ್ರಾಳ ತಲೆಯಲ್ಲಿ ಎಷ್ಟು ಆಳವಾಗಿ ಕೂತಿತ್ತೆಂದರೆ, ಅದನ್ನು ಬರೆಯಬೇಕೆಂದೇ ಹೊಳೆದಿರಲಿಲ್ಲ. ಸಂಘದ ಹೆಂಗಸರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ದೇವೀರಮ್ಮನಿಗೆ ಮಾತ್ರ ಡೇರಿಯ ಕಂಬದ ಬುಡದಲ್ಲೇ ಹೊಳೆದಿತ್ತು.

"ನಾಳೇನೇ ಸಭೆ ಕರೀತೀನಿ ಅತ್ತೆ. ಬೋರ್ಡ್ ತೆಗೆಸ್ತೀನಿ."

"ಕರಿ. ರಾಜಲಕ್ಷ್ಮೀನೂ ನೀರಿಗೆ ಮುಂಚೇನೇ. ಅವ್ಳ ಹಿತ್ತಿಲಾಗೂ ಈಗ ಎಂಟು ಜನ ಕೂತವ್ರೆ, ಹೋಗಿ ನೋಡು." ದೇವೀರಮ್ಮ ಮೊಮ್ಮಗನ ತಲೆ ಸವರಿದರು. ಅವರ ದನಿ ಮೆತ್ತಗಾಯಿತು. "ಇಷ್ಟು ವರ್ಷದಾಗೆ ಈ ಹುಡುಗ್ರು ಒಂದು ದಿನ ನನ್ನ ಹತ್ರ ಕೂತಿದ್ದು ಕಂಡಿದ್ದೀಯಾ? ಇವತ್ತು ಅಜ್ಜಿ ಅಜ್ಜಿ ಅಂತ ಸುತ್ತಾ ಕೂತವೆ. ನೀನು ಒಳ್ಳೆ ರೂಲು ಮಾಡ್ದೆ ಕಣವ್ವ."

ಹುಡುಗರು ಸೆಕ್ರೆಟರಿಗೆ ಜಾಗ ಬಿಟ್ಟು ಸರಿದು ಕೂತರು. ಪ್ರಜ್ವಲ್ ಪ್ಯಾಕೆಟ್ಟಿನ ಮೂಲೆಯನ್ನು ಹಲ್ಲಿನಿಂದ ಕಚ್ಚಿ, ಲೋಟಕ್ಕೆ ಹಿಂಡಿ, ಅಮ್ಮನನ್ನು ನೋಡಿದ. ಈಗ ನಾಲ್ಕು ಮಾರು ದೂರ ನಿಲ್ಲುವ ಅಗತ್ಯ ಅವನಿಗಿರಲಿಲ್ಲ.

"ಅಮ್ಮ, ಸ್ವಲ್ಪ ನೀರು ತತ್ತೀಯಾ? ಹಂಗೇ ಕುಡಿದ್ರೆ ಕರುಳು ಸುಡ್ತದಂತೆ."

ಸುಚಿತ್ರಾ ಅವನ ಲೋಟವನ್ನು ನೋಡಿದಳು. ಸುತ್ತಲಿನ ಲೋಟಗಳನ್ನು ನೋಡಿದಳು. ಕಿತ್ತು ಚೆಲ್ಲಬಹುದು. ಚೆಲ್ಲಿದರೆ ಅತ್ತೆಯ ಮಡಿಲಿನಲ್ಲಿ ಇನ್ನೊಂದಿದೆ, ಅದರ ಹಿಂದೆ ರುದ್ರಯ್ಯನ ಅಂಗಡಿಯಿದೆ, ಅಂಗಡಿಯ ಕಂಬದ ಮೇಲೆ ಅವಳದೇ ದುಂಡು ಅಕ್ಷರವಿದೆ.

ಅವಳು ಒಳಗೆ ಹೋಗಿ ಹಂಡೆಯ ಪಕ್ಕದ ಚೊಂಬಿಗೆ ಕೈ ಹಾಕಿದಳು. ಆಮೇಲೆ, ತನ್ನಿಂದ ಇನ್ನು ಉಳಿಸಲಾಗುವುದು ಅವನ ಕರುಳೊಂದೇ ಎಂದುಕೊಂಡು, ಚೊಂಬನ್ನು ಬಿಟ್ಟು ದೊಡ್ಡ ಕೊಡವನ್ನೇ ಎತ್ತಿ ಸೊಂಟಕ್ಕಿಟ್ಟುಕೊಂಡಳು.