ದೆವ್ವದ ಪಕ್ಷದ ಅತ್ತೆ

ಆಂಧ್ರದ ಗಡಿಯ ಆದವಾನಿಯ ಟಾಕೀಸಿಗೆ ದೆವ್ವದ ಸಿನಿಮಾ ಬಂದರೆ ಜನ ಪರದೆಯ ಮೇಲಿನ ದೆವ್ವಕ್ಕೆ ಹೆದರುವುದಿಲ್ಲ, ನಮ್ಮತ್ತೆಗೆ ಹೆದರುತ್ತಾರೆ! ಸುಳ್ಳಲ್ಲ. ಬೇಕಿದ್ದರೆ ಗೇಟಿನಲ್ಲಿ ಟಿಕೆಟ್ ಹರಿಯುವವನನ್ನೇ ಕೇಳಿ. ಅತ್ತೆಯ ಸೆರಗು ಕಂಡರೆ ಸಾಕು, "ಬಂತಪ್ಪ, ಅಸಲಿ ಪಾರ್ಟಿ ಬಂತು" ಎಂದು ಒಳಗಿನವರಿಗೆ ಸನ್ನೆ ಮಾಡುತ್ತಾನೆ.

ಈ ಅತ್ತೆ ನನ್ನ ಅಪ್ಪನ ಅಕ್ಕ. ಕೌತಾಳಂ ಕಡೆಯ ನಮ್ಮ ಹಳ್ಳಿಯಿಂದ ಆದವಾನಿಗೆ ಮದುವೆಯಾಗಿ ಹೋದವಳು. ಮನೆಯಲ್ಲೇ ಮಿಷಿನ್ ಇಟ್ಟುಕೊಂಡು ರವಿಕೆ ಹೊಲಿಯುತ್ತಾಳೆ. ಭಕ್ತಿ ಸಿನಿಮಾ ಬೇಡ, ಸಂಸಾರದ ಸಿನಿಮಾ ಬೇಡ, ಆಕೆಗೆ ದೆವ್ವವೇ ಆಗಬೇಕು. ಅದೂ ಹೆಣ್ಣುದೆವ್ವ. ಗಂಡುದೆವ್ವವೆಂದರೆ ತಾತ್ಸಾರ. "ಬದುಕಿದ್ದಾಗ್ಲೇ ನೋಡೀವಲ್ಲ, ಸತ್ತ ಮ್ಯಾಲ ಬ್ಯಾರೆ ನೋಡಬೇಕೇನು?" ಎನ್ನುತ್ತಾಳೆ. ಮಾವ ಪಾಪ, ಕೇಳಿಸಲೇ ಇಲ್ಲವೆಂಬಂತೆ ಪೇಪರಿನ ಹಿಂದೆ ಅಡಗಿಕೊಳ್ಳುತ್ತಾರೆ.

ಹೋಗಲಿ, ಹೋದವಳು ಸುಮ್ಮನೆ ಕೂತು ನೋಡುತ್ತಾಳೆಯೇ? ಆಕೆ ಮೊದಲಿನಿಂದಲೂ ದೆವ್ವದ ಪಕ್ಷ! ಮಂತ್ರವಾದಿ ಬಂದು ಕುಂಕುಮ ಎರಚಲು ಶುರುಮಾಡಿದನೋ, ಅತ್ತೆಯ ದನಿ ಡಾಲ್ಬಿ ಸ್ಪೀಕರನ್ನೂ ಮೀರಿ ಏಳುತ್ತದೆ. "ಏಯ್, ಕೊಂದೋನು ಅಲ್ಲಿ ಸೋಫಾದಾಗ ಆರಾಮ ಕುಂತಾನ! ಆತನ್ನ ಬಿಟ್ಟು ಸತ್ತಾಕಿನ್ನ ಮತ್ತೊಮ್ಮೆ ಸುಡತೀರೇನು?"

ಹಿಂದಿನ ಸೀಟಿನವನೊಬ್ಬ ಒಮ್ಮೆ, "ಅಮ್ಮಾ, ಕತಿ ಮೊದಲ ಹೇಳಬ್ಯಾಡ್ರಿ" ಎಂದು ಕೈಮುಗಿದ.

"ಹೇಳಾಕ ಕತಿ ಏನೈತಪ್ಪ ಇದರಾಗ? ಎಲ್ಲಾದರಾಗೂ ಇದ ಕತಿ. ಕೆಡಸ್ತಾರ, ಕೊಲ್ತಾರ, ಹೂಳ್ತಾರ, ಆಮ್ಯಾಲ ಹೆದರ್ತಾರ!"

ವೃತ್ತಿಯ ಕಣ್ಣು ಬೇರೆ ಸುಮ್ಮನಿರುವುದಿಲ್ಲ. ಒಂದು ಸಿನಿಮಾದಲ್ಲಿ ಇಪ್ಪತ್ತು ವರ್ಷದ ಹಿಂದೆ ಸತ್ತವಳು ಗೋಡೆ ಸೀಳಿಕೊಂಡು ಬಂದಳು. ಜನವೆಲ್ಲ ಕಿಟಾರೆಂದು ಕಿರುಚಿದರು. ಅತ್ತೆ ಮಾತ್ರ ಮುಂದಕ್ಕೆ ಬಾಗಿ ದಿಟ್ಟಿಸಿ, "ಸತ್ತಾಕಿಗೆ ಇಷ್ಟು ಬಿಗಿ ರವಿಕಿ ಹೊಲ್ದೋರು ಯಾರು? ಬೆನ್ನೆಲ್ಲಾ ಬಿಟ್ಟಾರ ನೋಡು. ಉಸಿರಾಡೋ ಹೆಂಗಸು ಇದನ್ನ ತೊಡಾಕ ಸಾಧ್ಯ ಇಲ್ಲ!" ಎಂದಳು. ಅದಾದ ಮೇಲೆ ಆ ದೆವ್ವಕ್ಕೆ ಯಾರು ಹೆದರುತ್ತಾರೆ, ಹೇಳಿ!

ಇನ್ನು ಸ್ನಾನದ ಸೀನು. ದೆವ್ವದ ಸಿನಿಮಾದಲ್ಲಿ ಹುಡುಗಿಯೊಬ್ಬಳು ಸ್ನಾನ ಮಾಡಲೇಬೇಕೆಂದು ಯಾವ ಶಾಸ್ತ್ರದಲ್ಲಿದೆಯೋ! ಅತ್ತೆ ಮೊದಲು ತೆಲುಗಿನಲ್ಲಿ, "ತಲುಪು ವೇಸ್ಕೋ ತಲ್ಲೀ!" ಎಂದು ಬಾಗಿಲು ಹಾಕಿಕೊಳ್ಳಲು ಆ ಹುಡುಗಿಗೆ ಬುದ್ಧಿ ಹೇಳುತ್ತಾಳೆ. ಆಕೆ ಹಾಕಿಕೊಳ್ಳುವುದಿಲ್ಲ, ಡೈರೆಕ್ಟರು ಬಿಡಬೇಕಲ್ಲ! ಆಗ ಅತ್ತೆ ಎದ್ದು ನಿಂತು, ಪರದೆಗೆ ಬೆನ್ನು ತಿರುಗಿಸಿ, ಸೊಂಟದ ಮೇಲೆ ಕೈಯಿಟ್ಟು, ಹಿಂದೆ ಕೂತ ಗಂಡಸರ ಮುಖ ನೋಡತೊಡಗುತ್ತಾಳೆ. ಒಬ್ಬೊಬ್ಬರನ್ನೇ! ಸಿಳ್ಳೆ ನಿಂತುಹೋಗುತ್ತದೆ. ಕೆಲವರು ಫೋನು ಹುಡುಕುತ್ತಾರೆ. ಚಪ್ಪಲಿ ಹಾಕಿಕೊಂಡು ಬಂದವನೂ ಬಗ್ಗಿ ಲೇಸು ಕಟ್ಟಿಕೊಳ್ಳುತ್ತಾನೆ. ಮ್ಯಾನೇಜರು ಬಂದು, "ಅಮ್ಮಾ, ಸಿನಿಮಾ ಆ ಕಡಿ ಐತ್ರಿ" ಎಂದರೆ, "ನನ್ನ ಟಿಕೆಟ್ಟು, ನಾ ಯಾವ ಕಡಿಯಾದ್ರೂ ನೋಡ್ತೀನಿ" ಎನ್ನುತ್ತಾಳೆ.

ನಾವೆಲ್ಲ ಹೊಟ್ಟೆ ಹಿಡಿದು ನಗುತ್ತಿದ್ದೆವು. ನಾನೂ ನಗುತ್ತಿದ್ದೆ, ಡಿಗ್ರಿ ಎರಡನೇ ವರ್ಷಕ್ಕೆ ಬರುವವರೆಗೆ.

ಆಗ ಆದವಾನಿಯ ಕಾಲೇಜಿಗೆ ನಾನು ದಿನಾ ಎಂಟು ಗಂಟೆಯ ಬಸ್ಸಿಗೆ ಹೋಗುತ್ತಿದ್ದೆ. ಅದೇ ಬಸ್ಸಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಅಂಗಿಯ ದೊಡ್ಡ ಮನುಷ್ಯನೊಬ್ಬ ದಿನಾ ನನ್ನ ಹಿಂದೆಯೇ ಬಂದು ನಿಲ್ಲುತ್ತಿದ್ದ. ಅವನ ಕೈ ಸುಮ್ಮನಿರುತ್ತಿರಲಿಲ್ಲ. ಯಾರಿಗೆ ಹೇಳುವುದು? ಊಟ ಸೇರದಾಯಿತು, ಮಾತು ನಿಂತಿತು. ಒಂದು ಬೆಳಿಗ್ಗೆ ಬಸ್ಸಿನ ಹಾರನ್ ಕೇಳಿದ್ದೇ ಹಲ್ಲು ಕಚ್ಚಿಕೊಂಡು ಅಂಗಳದಲ್ಲಿ ಬಿದ್ದೆ.

"ಹುಣಸಿಮರದ ಗಾಳಿ ಬಡದೈತಿ" ಎಂದು ಅಜ್ಜಿ ತೀರ್ಪು ಕೊಟ್ಟಳು. ಶುಕ್ರವಾರ ಗಾಳಿ ಬಿಡಿಸುವವನ ಹತ್ತಿರ ಕರೆದೊಯ್ಯುವುದು, ಕಾಲೇಜು ಬಿಡಿಸುವುದು, ಗಂಡು ನೋಡುವುದು ಎಂದೆಲ್ಲ ಮಾತಾಯಿತು. ನನ್ನ ಓದು ಅಲ್ಲಿಗೆ ಮುಗಿಯಿತೆಂದುಕೊಂಡೆ.

ಸುದ್ದಿ ಕೇಳಿ ಗುರುವಾರ ಬೆಳಿಗ್ಗೆಯೇ ಅತ್ತೆ ಬಂದಿಳಿದಳು. "ಯವ್ವಾ, ಈ ತಾಲೂಕಿನಾಗ ದೆವ್ವದ ವಿಷಯ ನನಗಿಂತ ಹೆಚ್ಚು ಬಲ್ಲೋರು ಯಾರದಾರ? ಮೊದ್ಲು ನಾ ಪರೀಕ್ಷೆ ಮಾಡ್ತೀನಿ" ಎಂದಳು. ಇಷ್ಟು ವರ್ಷ ಆಕೆಯನ್ನು ಆಡಿಕೊಂಡು ನಕ್ಕ ಮನೆಯವರು ಆ ಹೊತ್ತಿಗೆ ಅದನ್ನು ನಂಬಿಬಿಟ್ಟರು!

ಪರೀಕ್ಷೆ ಎಲ್ಲಿ? ಟಾಕೀಸಿನಲ್ಲಿ, ಮ್ಯಾಟಿನಿ ಶೋ. ಪರದೆಯ ಮೇಲೆ ಕಿರುಚಾಟ ಶುರುವಾದಾಗ ಅತ್ತೆ ನನ್ನ ಕಿವಿಯ ಹತ್ತಿರ ಬಾಗಿದಳು. "ಇಲ್ಲಿ ಎಷ್ಟು ಒದರಿದ್ರೂ ಯಾರಿಗೂ ಕೇಳಾಂಗಿಲ್ಲವ್ವ. ಏನೈತಿ, ಹೇಳಿಬಿಡು." ಹೇಳಿದೆ. ಅಳುತ್ತ, ತೊದಲುತ್ತ, ಎಲ್ಲವನ್ನೂ ಹೇಳಿದೆ. ಆ ಸಿನಿಮಾದ ಕತೆ ಏನೆಂದು ನನಗೂ ಗೊತ್ತಿಲ್ಲ, ಅತ್ತೆಗೂ ಗೊತ್ತಿಲ್ಲ.

ಮನೆಗೆ ಬಂದವಳೇ ಅಪ್ಪನಿಗೆ, "ಸಿಕ್ಕಿತು ತಮ್ಮಾ. ದೆವ್ವ ಹುಡುಗಿ ಮೈಯಾಗಿಲ್ಲ. ಎಂಟು ಗಂಟಿ ಬಸ್ಸಿನಾಗೈತಿ, ಬಿಳಿ ಅಂಗಿ ಹಾಕ್ಕೊಂಡು" ಎಂದಳು.

ಶುಕ್ರವಾರ ಅಪ್ಪನೂ ಅತ್ತೆಯೂ ನನ್ನ ಜೊತೆ ಬಸ್ಸು ಹತ್ತಿದರು. ಆತ ಬಂದು ನಿಂತ. ಅತ್ತೆ ಇಡೀ ಬಸ್ಸಿಗೆ ಕೇಳುವಂತೆ, "ಅಣ್ಣಾರ, ಹಿಂದ ನಿಲ್ಲಾಕ ಅಷ್ಟು ಜಾಗ ಐತಿ, ದಿನಾ ನಮ್ಮ ಹುಡುಗಿ ಬೆನ್ನಿಗೇ ಯಾಕ ನಿಲ್ತೀರಿ?" ಎಂದಳು. ಅಪ್ಪ ಆತನ ತೋಳು ಹಿಡಿದ. ಮುಂದಿನ ಸೀಟಿನಿಂದ ಇಬ್ಬರು ಹುಡುಗಿಯರು ಎದ್ದು, "ನಮಗೂ ಹಂಗ ಮಾಡ್ಯಾನ್ರಿ" ಎಂದರು. ಬಸ್ಸು ಆ ದಿನ ಸ್ಟಾಪಿಲ್ಲದ ಕಡೆಯೊಂದರಲ್ಲಿ ನಿಂತಿತು, ಪೊಲೀಸ್ ಸ್ಟೇಷನ್ನಿನ ಮುಂದೆ!

ಓದು ಮುಗಿಯಿತು. ಈಗ ನಾನು ಆದವಾನಿಯಲ್ಲೇ ಟೀಚರು. ಭಾನುವಾರ ಅತ್ತೆಯ ಮನೆಯಲ್ಲೇ ಊಟ. ಹೋದ ವಾರ ಆಕೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಾಗ ಕೇಳಿದೆ, "ಅತ್ತೀ, ಅವತ್ತು ನನಗ ಗಾಳಿ ಬಡದಿಲ್ಲ ಅಂತ ನಿನಗ ಹೆಂಗ ತಿಳೀತು?"

ಅತ್ತೆ ಕೈ ನಿಲ್ಲಿಸಲಿಲ್ಲ.

"ನಿನ್ನ ವಯಸ್ಸಿನಾಗ ನಿಮ್ಮಜ್ಜಿ ನನ್ನೂ ಕರ್ಕೊಂಡು ಹೋಗಿದ್ಲವ್ವ. ಮೂರು ಶುಕ್ರವಾರ. ಬೇವಿನ ಟೊಂಗಿಲೇ ಹೊಡೆದು, ದೆವ್ವದ ಹೆಸರು ಹೇಳು, ಹೇಳು ಅಂದ್ರು. ನನಗ ಯಾರು ಏನು ಮಾಡಿದ್ರು ಅಂತ ಒಬ್ರೂ ಕೇಳ್ಲಿಲ್ಲ. ತಡಕೊಳ್ಳಾಕ ಆಗದ, ನಮ್ಮೂರ ಬಾವಿಗೆ ಬಿದ್ದು ಸತ್ತಿದ್ದ ಒಬ್ಬಾಕಿ ಹೆಸರು ಹೇಳಿಬಿಟ್ನಿ. ಹೊಡೆಯೋದು ನಿಲ್ಲಿಸಿದ್ರು." ರೊಟ್ಟಿಯನ್ನು ಹಂಚಿಗೆ ಹಾಕಿದಳು. "ಪಾಪ, ಆಕಿ ಏನೂ ಮಾಡಿರ್ಲಿಲ್ಲ. ಆಕಿ ಹೆಸರು ನನ್ನ ಉಳಿಸ್ತು. ಅದಕ್ಕ ಸತ್ತು ದೆವ್ವ ಅನಿಸಿಕೊಂಡ ಹೆಂಗಸರನ್ನ ಯಾರಾದ್ರೂ ಬೈದ್ರ ನನಗ ತಡಿಯಾಕ ಆಗಾಂಗಿಲ್ಲ."

ಅತ್ತೆಯ ತೋಳು ಹಿಡಿದು ಎಬ್ಬಿಸಿ, ಒಲೆಯ ಮುಂದೆ ನಾನು ಕೂತೆ. ನನ್ನ ರೊಟ್ಟಿಗಳು ಒಂದೂ ದುಂಡಗಾಗಲಿಲ್ಲ. ಅತ್ತೆ ಒಂದಕ್ಕೂ ಹೆಸರಿಡದೆ ಎಲ್ಲವನ್ನೂ ಬಿಸಿಬಿಸಿಯಾಗಿ ತಿಂದಳು.